ಮಗುವಿನ ತೂಕ ಬರೆಯುತ್ತೀರಿ, ತಾಯಿಯನ್ನೂ ಒಮ್ಮೆ ಕೇಳಿ

ನಮ್ಮ ಬದಿಯಲ್ಲಿ ಹೆತ್ತ ಹೆಂಗಸು ದಪ್ಪ ಆದರೆ ಜನ ಎರಡೇ ಕಾರಣ ಹೇಳುತ್ತಾರೆ. ಮೊದಲ ಮೂರು ತಿಂಗಳು, "ತವರಲ್ಲಿ ಬಾಣಂತನ ಜೋರ್ ಆಯ್ತ್ ಅಲ್ದಾ?" ಎನ್ನುತ್ತಾರೆ. ಅದು ಹೊಗಳಿಕೆ. ಗಂಡನ ಮನೆಗೆ ಬಂದು ಆರು ತಿಂಗಳಾದ ಮೇಲೂ ಮೈ ಇಳಿಯದಿದ್ದರೆ ಅದೇ ಬಾಯಿ, "ಕೂತು ತಿಂದರೆ ಇನ್ನೆಂತ ಆಗುದ್?" ಎನ್ನುತ್ತದೆ. ಅದು ಚುಚ್ಚುಮಾತು.

ಮೂರನೆಯ ಕಾರಣವೊಂದು ಇರಬಹುದು ಎಂದು ಹೇಳುವವರು ಕಡಿಮೆ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರುವ ಥೈರಾಯ್ಡ್ ಗ್ರಂಥಿ ಸುಸ್ತಾಗಿರಬಹುದು. ಅದು ತಿಳಿಯಲು ಒಂದು ರಕ್ತ ಪರೀಕ್ಷೆ ಸಾಕು. ಸರಿ ಮಾಡಲು ದಿನಕ್ಕೊಂದು ಸಣ್ಣ ಮಾತ್ರೆ ಸಾಕು. ಆದರೂ ನಾವುಂದ, ಮರವಂತೆ, ಕಿರಿಮಂಜೇಶ್ವರ, ಉಪ್ಪುಂದದ ಮನೆಗಳಲ್ಲಿ ಎಷ್ಟೋ ತಾಯಂದಿರು ವರ್ಷಗಟ್ಟಲೆ ಮೈಭಾರ, ಮನಸ್ಸಿನ ಭಾರ ಎರಡನ್ನೂ ಹೊತ್ತು ತಿರುಗುತ್ತಾರೆ. ಇದು ಅವರ ತಪ್ಪಲ್ಲ. ನಮ್ಮ ಆರೋಗ್ಯ ವ್ಯವಸ್ಥೆ ತಾಯಿಯ ಕಡೆ ನೋಡುವುದನ್ನು ಬೇಗ ನಿಲ್ಲಿಸಿಬಿಡುತ್ತದೆ ಎಂಬುದು ನನ್ನ ವಾದ.

ಹೆತ್ತ ಮೇಲೆ ಥೈರಾಯ್ಡ್ ಯಾಕೆ ಕೆಡುತ್ತದೆ

ಥೈರಾಯ್ಡ್ ಅಂದರೆ ರೋಗದ ಹೆಸರಲ್ಲ, ಗ್ರಂಥಿಯ ಹೆಸರು. ಎಲ್ಲರಿಗೂ ಇರುತ್ತದೆ. ಒಲೆಯ ಬೆಂಕಿ ಎಷ್ಟಿರಬೇಕು ಎಂದು ಹೇಳುವ ಕೆಲಸ ಅದರದ್ದು. ಅದು ಬಿಡುವ ಹಾರ್ಮೋನು ಕಡಿಮೆಯಾದರೆ ಇಡೀ ದೇಹದ ಕೆಲಸ ನಿಧಾನವಾಗುತ್ತದೆ. ಆಗ ಮೆದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿ "ಕೆಲಸ ಮಾಡು, ಕೆಲಸ ಮಾಡು" ಎಂದು ಹೆಚ್ಚು ಹೆಚ್ಚು ಆಜ್ಞೆ ಕಳಿಸುತ್ತದೆ. ಆ ಆಜ್ಞೆಯ ಹೆಸರೇ ಟಿಎಸ್‌ಎಚ್. ಅದಕ್ಕೇ ಥೈರಾಯ್ಡ್ ಸೋತಾಗ ಚೀಟಿಯಲ್ಲಿ ಟಿಎಸ್‌ಎಚ್ ಜಾಸ್ತಿ ಎಂದು ಬರುತ್ತದೆ. "ಜಾಸ್ತಿ ಇದ್ದರೆ ಒಳ್ಳೆಯದಲ್ಲವಾ?" ಎಂದು ಕೇಳುವವರು ಇದ್ದಾರೆ. ಮಗ ಏಳದಿದ್ದಾಗ ಅಮ್ಮನ ಕೂಗು ಜೋರಾಗುವ ಹಾಗೆ ಇದು. ಕೂಗು ಜೋರಾಗಿದೆ ಎಂದರೆ ಮಗ ಇನ್ನೂ ಎದ್ದಿಲ್ಲ ಎಂದರ್ಥ.

ಬಸುರಿನಲ್ಲಿ ದೇಹದ ರೋಗನಿರೋಧಕ ಶಕ್ತಿ ಸ್ವಲ್ಪ ತಗ್ಗಿರುತ್ತದೆ. ಹೊಟ್ಟೆಯೊಳಗಿನ ಮಗುವನ್ನು ಹೊರಗಿನವರೆಂದು ತಿಳಿದು ದೇಹ ಜಗಳಕ್ಕೆ ಹೋಗಬಾರದಲ್ಲ, ಅದಕ್ಕೆ. ಹೆರಿಗೆಯಾದ ಮೇಲೆ ಆ ಶಕ್ತಿ ಒಮ್ಮೆಲೇ ತಿರುಗಿ ಬರುತ್ತದೆ. ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ಥೈರಾಯ್ಡ್ ಮೇಲೆಯೇ ಬೀಳುತ್ತದೆ. ಹೆತ್ತ 100 ತಾಯಂದಿರಲ್ಲಿ ಸುಮಾರು 5ರಿಂದ 10 ಮಂದಿಗೆ ಹೀಗಾಗುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ.

ಇದರ ನಡೆ ವಿಚಿತ್ರ. ಹೆರಿಗೆಯಾಗಿ ಎರಡು-ಮೂರು ತಿಂಗಳಿಗೆ, ಪೆಟ್ಟು ತಿಂದ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನು ಒಮ್ಮೆಲೇ ಸೋರುತ್ತದೆ. ಆಗ ಎದೆ ಡವಡವ, ಸೆಕೆ, ಕೈ ನಡುಕ, ಸಿಟ್ಟು. ಮೈ ಇಳಿಯಲೂಬಹುದು. ಜನ "ಅಡ್ಡಿಲ್ಲೆ, ಬೇಗ ಸಪೂರ ಆಯ್ದೆ" ಎನ್ನುತ್ತಾರೆ. ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ಕೂಡಿಟ್ಟದ್ದು ಖಾಲಿಯಾಗಿ ಹಾರ್ಮೋನಿನ ಕೊರತೆ ಶುರುವಾಗುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಒಣ ಚರ್ಮ, ಮುಖ ಊದಿಕೊಳ್ಳುವುದು, ಮರೆವು, ಕಾರಣವಿಲ್ಲದೆ ಅಳು, ಮೈ ಏರುವುದು, ಕೆಲವರಲ್ಲಿ ಎದೆಹಾಲು ಕಡಿಮೆಯಾಗುವುದು. ಹೆಚ್ಚಿನವರಲ್ಲಿ ಮಗುವಿಗೆ ವರ್ಷ ತುಂಬುವುದರೊಳಗೆ ಗ್ರಂಥಿ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಕೊರತೆ ಶಾಶ್ವತವಾಗಿ ಉಳಿಯುತ್ತದೆ. ಆಗ ಸರಿಯಾದವರಿಗೂ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಹೆಚ್ಚು.

ಈ ಲಕ್ಷಣಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ರಾತ್ರಿ ನಾಲ್ಕು ಸಲ ಎದ್ದು ಹಾಲು ಕೊಡುವ ಯಾವ ತಾಯಿಗೆ ಸುಸ್ತಿಲ್ಲ? ಹೆತ್ತು ಮೂರು-ನಾಲ್ಕು ತಿಂಗಳಿಗೆ ಯಾರ ಕೂದಲು ಉದುರುವುದಿಲ್ಲ? ಥೈರಾಯ್ಡ್ ಸರಿ ಇದ್ದವರಿಗೂ ಇದೆಲ್ಲ ಇರುತ್ತದೆ. ಅದಕ್ಕೇ ಇದು ಬಾಣಂತನದ ಸೆರಗಿನೊಳಗೆ ಅಡಗಿ ಕೂರುತ್ತದೆ. ನೋಡಿ ಹೇಳಲು ಆಗುವುದಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು.

"ಮೀನ್ ತಿಂಬರಿಗೆ ಅದೆಲ್ಲ ಬತ್ತಿಲ್ಲೆ"

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಗಳಗಂಡ ಘಟ್ಟದ ಮೇಲಿನವರ ಕಾಯಿಲೆ, ನಾವು ಕಡಲ ಕರೆಯವರು, ಬಂಗುಡೆ-ಬೂತಾಯಿ ತಿನ್ನುವವರು, ನಮಗೆ ಅಯೋಡಿನ್ ಕೊರತೆ ಎಲ್ಲಿಂದ ಎಂಬ ನಂಬಿಕೆ. ಇದರಲ್ಲಿ ಅರ್ಧ ನಿಜ ಇದೆ. ಕಡಲ ಮೀನಿನಲ್ಲಿ ಅಯೋಡಿನ್ ಇರುವುದು ಹೌದು. ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದೂ ಹೌದು. ಅದಕ್ಕೇ ಭಾರತ ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 2006ರಿಂದ ಊಟಕ್ಕೆ ಬಳಸುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವಂತಿಲ್ಲ.

ಆದರೆ ಇವತ್ತು ನಮ್ಮ ಹೆಂಗಸರಲ್ಲಿ ಕಾಣುವ ಥೈರಾಯ್ಡ್ ಕೊರತೆಯ ದೊಡ್ಡ ಪಾಲು ಉಪ್ಪಿನ ಲೆಕ್ಕದ್ದಲ್ಲ. ದೇಹವೇ ತನ್ನ ಗ್ರಂಥಿಯ ಮೇಲೆ ಬೀಳುವ ಲೆಕ್ಕದ್ದು. ಅದಕ್ಕೆ ಕಡಲು, ಘಟ್ಟ ಎಂಬ ಭೇದ ಇಲ್ಲ. ದೇಶದ 8 ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬೆಂಗಳೂರು, ಗೋವಾ, ಮುಂಬೈ, ಚೆನ್ನೈ ಎಲ್ಲ ಅದರಲ್ಲಿದ್ದವು. ಒಟ್ಟಾರೆ ಸುಮಾರು 11 ಶೇಕಡಾ ಜನರಲ್ಲಿ ಥೈರಾಯ್ಡ್ ಕೊರತೆ ಇತ್ತು. ಕಡಲ ಬದಿಯ ನಗರಗಳಲ್ಲಿ ಒಳನಾಡಿಗಿಂತ ಸ್ವಲ್ಪ ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಎಂದಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಆದ್ದರಿಂದ ಮೀನು ತಿನ್ನಿ, ಅಯೋಡಿನ್ ಉಪ್ಪನ್ನೇ ಬಳಸಿ. ಉಪ್ಪಿನಕಾಯಿಗೆ, ಮೀನು ಒಣಗಿಸಲಿಕ್ಕೆ ತಂದ ಹರಳುಪ್ಪನ್ನೇ ದಿನದ ಪದಾರ್ಥಕ್ಕೂ ಹಾಕುವ ಮನೆಗಳಿದ್ದರೆ ಪ್ಯಾಕೆಟ್ ತಿರುಗಿಸಿ ಅಯೋಡಿನ್ ಇದೆಯೋ ನೋಡಿ. ಬಸುರಿ, ಬಾಣಂತಿಗೆ ಅಯೋಡಿನ್ ಬೇರೆಯವರಿಗಿಂತ ಹೆಚ್ಚು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ದಿನಕ್ಕೆ 250 ಮೈಕ್ರೋಗ್ರಾಂ. ಆದರೆ ಮೀನು ತಿಂದ ಮಾತ್ರಕ್ಕೆ ಪರೀಕ್ಷೆ ಬೇಡ ಎಂದು ಕೂರಬೇಡಿ.

ತೂಕದ ಬಗ್ಗೆ ಸತ್ಯ ಹೇಳಿಬಿಡೋಣ

ಇಲ್ಲಿ ಇನ್ನೊಂದು ಬದಿಯ ತಪ್ಪೂ ಇದೆ. ಈಗ ಮೊಬೈಲ್ ನೋಡಿ, ಮೈ ಏರಿದ್ದಕ್ಕೆಲ್ಲ ಥೈರಾಯ್ಡ್ ಕಾರಣ ಎನ್ನುವವರೂ ಬಂದಿದ್ದಾರೆ. ಅದೂ ಸರಿಯಲ್ಲ.

ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೋ. ಅದರಲ್ಲೂ ಹೆಚ್ಚಿನ ಪಾಲು ಕೊಬ್ಬಲ್ಲ, ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಹದಿನೈದು-ಇಪ್ಪತ್ತು ಕಿಲೋ ಏರಿದ್ದರೆ ಎಲ್ಲವನ್ನೂ ಆ ಚಿಟ್ಟೆಯ ತಲೆಗೆ ಕಟ್ಟಲಾಗುವುದಿಲ್ಲ. ಬಸುರಿನಲ್ಲಿ ಹತ್ತು-ಹನ್ನೆರಡು ಕಿಲೋ ಏರುವುದು ಸಹಜ. ಹೆರಿಗೆಯ ದಿನ ಅದರಲ್ಲಿ ಅರ್ಧದಷ್ಟು ಇಳಿಯುತ್ತದೆ, ಉಳಿದದ್ದು ಇಳಿಯಲು ಆರು ತಿಂಗಳಿಂದ ವರ್ಷ ಬೇಕು. ಆ ವರ್ಷದಲ್ಲಿ ನಮ್ಮಲ್ಲಿ ಎಂತ ಆಗುತ್ತದೆ? ತುಪ್ಪ, ಲೇಹ್ಯ, ಕೋಳಿ ಸಾರು, "ಇನ್ನೊಂದ್ ತುತ್ತು ತಿನ್ನ್" ಎಂಬ ಒತ್ತಾಯ. ನಡೆದಾಡಬೇಡ, ಗಾಳಿಗೆ ಹೋಗಬೇಡ ಎಂಬ ಕಟ್ಟುಪಾಡು. ಆಮೇಲೆ ನಿದ್ದೆಯಿಲ್ಲದ ರಾತ್ರಿ. ಬಾಣಂತಿಗೆ ಒಳ್ಳೆಯ ಊಟ, ವಿಶ್ರಾಂತಿ ಬೇಕೇ ಬೇಕು. ನಮ್ಮ ಅಜ್ಜಿಯಂದಿರ ಬಿಸಿನೀರಿನ ಸ್ನಾನ, ಎಣ್ಣೆ ತಿಕ್ಕುವ ಉಪಚಾರಕ್ಕೆ ನಾನು ಕೈಮುಗಿಯುತ್ತೇನೆ. ಹೊಟ್ಟೆತುಂಬ ಊಟ, ಮೀನು, ಮೊಟ್ಟೆ, ಕಾಳು, ಸೊಪ್ಪು ಕೊಡಿ. ತುಪ್ಪದ ಮಿಳ್ಳೆ ಮಾತ್ರ ಸ್ವಲ್ಪ ದೂರ ಇಡಿ. ವೈದ್ಯರು ಹೂಂ ಎಂದ ಮೇಲೆ ಅಂಗಳದಲ್ಲಿ, ಗದ್ದೆಬದಿಯಲ್ಲಿ ನಡೆಯಲು ಬಿಡಿ. ಹಾಲು ಕೊಡುವ ತಾಯಿ ಉಪವಾಸ ಮಾಡಿ ಸಪೂರ ಆಗುವ ಹಟಕ್ಕೆ ಬೀಳಬಾರದು.

ಹಾಗಾದರೆ ತೂಕಕ್ಕಾಗಿ ಥೈರಾಯ್ಡ್ ಪರೀಕ್ಷೆ ಯಾಕೆ ಎಂದು ಕೇಳಬಹುದು. ತೂಕ ಬಾಗಿಲು ಬಡಿಯುವ ಸದ್ದು ಮಾತ್ರ. ಕೊರತೆ ಇದ್ದೂ ಗೊತ್ತಿಲ್ಲದಿದ್ದರೆ ರಕ್ತದಲ್ಲಿ ಕೊಬ್ಬಿನಂಶ ಏರುತ್ತದೆ, ಮುಟ್ಟು ಏರುಪೇರಾಗುತ್ತದೆ, ಮತ್ತೆ ಬಸುರಾಗಲು ತೊಡಕಾಗುತ್ತದೆ. ಚಿಕಿತ್ಸೆಯಿಲ್ಲದೆ ಬಸುರಾದರೆ ಗರ್ಭಪಾತದ ಅಪಾಯ ಹೆಚ್ಚು, ಮಗುವಿನ ಮೆದುಳಿನ ಬೆಳವಣಿಗೆಗೂ ತೊಂದರೆ. ಎಲ್ಲಕ್ಕಿಂತ ಹೆಚ್ಚಾಗಿ, ಸುಸ್ತಾದ ತಾಯಿಯನ್ನು ಸೋಮಾರಿ ಎಂದು ಕರೆಯುವ ಮನೆಯಲ್ಲಿ ಆಕೆ ತನ್ನನ್ನೇ ಸೋಮಾರಿ ಎಂದು ನಂಬಲು ಶುರು ಮಾಡುತ್ತಾಳೆ.

ಮನಸ್ಸಿನ ವಿಷಯವನ್ನೂ ಹೇಳಬೇಕು. ಹೆತ್ತ ಹೆಂಗಸು ಮಂಕಾಗಿ ಕೂತರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿದ್ದರೆ ಗಾಳಿ ಸೋಕಿದೆ ಎಂದು ನೂಲು ಕಟ್ಟಿಸುವವರಿದ್ದಾರೆ. ನಂಬಿಕೆ ಇದ್ದವರು ಕಟ್ಟಿಸಿ, ನನ್ನ ತಕರಾರಿಲ್ಲ. ಆದರೆ ಅದೇ ವಾರ ವೈದ್ಯರಿಗೂ ತೋರಿಸಿ, ಟಿಎಸ್‌ಎಚ್ ಪರೀಕ್ಷೆಯನ್ನೂ ಮಾಡಿಸಿ. ಹೆರಿಗೆಯ ನಂತರ ಖಿನ್ನತೆ ಕಂಡ ತಾಯಿಗೆ ಥೈರಾಯ್ಡ್ ನೋಡಬೇಕು ಎಂಬುದು ವೈದ್ಯಶಾಸ್ತ್ರವೇ ಹೇಳುವ ಮಾತು.

42ನೇ ದಿನದ ಗೋಡೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾಳೆ. ಜ್ವರ, ರಕ್ತಸ್ರಾವ, ಹೊಲಿಗೆ, ಹಾಲು ಎಲ್ಲ ವಿಚಾರಿಸುತ್ತಾಳೆ. 42ನೇ ದಿನಕ್ಕೆ ತಾಯಿಯ ಲೆಕ್ಕ ಮುಗಿಯಿತು. ಆಮೇಲೆ 2018ರಲ್ಲಿ ಶುರುವಾದ ಇನ್ನೊಂದು ಕಾರ್ಯಕ್ರಮದಡಿ 3, 6, 9, 12, 15ನೇ ತಿಂಗಳಿಗೆ ಅದೇ ಆಶಾ ಅದೇ ಮನೆಗೆ ಮತ್ತೆ ಬರುತ್ತಾಳೆ. ಈ ಸಲ ಮುಖ್ಯವಾಗಿ ಮಗುವಿಗಾಗಿ: ತೂಕ, ಚುಚ್ಚುಮದ್ದು, ಮೇಲೂಟ, ಆಟ.

ಲೆಕ್ಕ ಹಾಕಿ ನೋಡಿ. ಥೈರಾಯ್ಡ್ ಕೆಡುವುದು 42 ದಿನದೊಳಗಲ್ಲ. ಅದರ ಮೊದಲ ಹಂತ ಎರಡು-ಮೂರು ತಿಂಗಳಿಗೆ, ಎರಡನೆಯದು ನಾಲ್ಕರಿಂದ ಎಂಟು ತಿಂಗಳಿಗೆ. ಅಂದರೆ ಮನೆಗೆ ಆರೋಗ್ಯ ಇಲಾಖೆಯ ಜನ ಬರುತ್ತಿದ್ದಾರೆ, ತಾಯಿ ಎದುರಿಗೇ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಪುಸ್ತಕ ತೆರೆದಿದೆ. ಪುಸ್ತಕದಲ್ಲಿ ಅವಳ ಥೈರಾಯ್ಡ್ ಬಗ್ಗೆ ಒಂದು ಸಾಲೂ ಇಲ್ಲ.

ಬಸುರಿಯರ ವಿಷಯದಲ್ಲಿ ಕೇಂದ್ರ ಸರ್ಕಾರ 2014ರಲ್ಲೇ ಥೈರಾಯ್ಡ್ ಪರೀಕ್ಷೆಗೆ ಮಾರ್ಗಸೂಚಿ ಮಾಡಿದೆ. 30 ವರ್ಷ ದಾಟಿದವರು, ತೂಕ ಹೆಚ್ಚಿರುವವರು, ಮನೆಯಲ್ಲಿ ಥೈರಾಯ್ಡ್ ಇದ್ದವರು, ಮೊದಲು ಗರ್ಭಪಾತವಾದವರು ಹೀಗೆ ಅಪಾಯ ಹೆಚ್ಚಿರುವವರನ್ನು ಗುರುತಿಸಿ ಪರೀಕ್ಷಿಸಬೇಕು ಎಂದು ಅದು ಹೇಳುತ್ತದೆ. ಒಳ್ಳೆಯದು. ಆದರೆ ಬಸುರಿನಲ್ಲಿ ಸರಿ ಇದ್ದ ಟಿಎಸ್‌ಎಚ್ ಹೆತ್ತ ಮೇಲೆ ಕೆಡಬಹುದು. "ಬಸುರಲ್ಲಿ ನೋಡಿದ್ದೇವಲ್ಲ, ನಾರ್ಮಲ್ ಇತ್ತಲ್ಲ" ಎಂಬ ಸಮಾಧಾನ ಸಾಲದು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಹೆತ್ತವರಿಗೆಲ್ಲ ಪರೀಕ್ಷೆ ಮಾಡಿ ಎಂದೂ ಅಲ್ಲ, ಅದು ಬೇಕೇ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ. 3, 6, 9 ಮತ್ತು 12ನೇ ತಿಂಗಳ ಭೇಟಿಯಲ್ಲಿ ತಾಯಿಗೆ ನಾಲ್ಕು ಪ್ರಶ್ನೆ ಕೇಳಲಿ:

ಒಂದು, ನಿದ್ದೆ ಮಾಡಿ ಎದ್ದರೂ ಸುಸ್ತು ಹೋಗುತ್ತಿಲ್ಲವಾ?
ಎರಡು, ಎಲ್ಲರಿಗೂ ಸೆಕೆ ಆಗುವಾಗ ನಿಮಗೆ ಚಳಿ ಆಗುತ್ತದಾ? ಇಲ್ಲವೇ ಎದೆ ಡವಡವ ಎನ್ನುತ್ತದಾ?
ಮೂರು, ಊಟ ಹೆಚ್ಚಾಗದೆ ತೂಕ ಏರುತ್ತಿದೆಯಾ? ಮುಖ, ಕಾಲು ಊದಿದೆಯಾ?
ನಾಲ್ಕು, ಮನಸ್ಸು ಮಂಕಾಗಿ ಅಳು ಬರುತ್ತದಾ?

ಎರಡಕ್ಕೆ ಹೌದು ಎಂದರೆ ಟಿಎಸ್‌ಎಚ್ ಪರೀಕ್ಷೆಗೆ ಚೀಟಿ. ನಾಲ್ಕನೆಯದೊಂದಕ್ಕೇ ಹೌದು ಎಂದರೂ ಚೀಟಿ. ತಾಯಿ, ಅಕ್ಕ, ತಂಗಿಗೆ ಥೈರಾಯ್ಡ್ ಇದ್ದರೆ, ಹಿಂದಿನ ಬಾಣಂತನದಲ್ಲಿ ಹೀಗೆ ಆಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ ಇದ್ದರೆ ಪ್ರಶ್ನೆ ಇಲ್ಲದೆಯೇ ಚೀಟಿ. ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆದು ತಾಲೂಕಿನ ಲ್ಯಾಬಿಗೆ ಕಳಿಸಲಿ, ಫಲಿತಾಂಶ ಮೊಬೈಲಿಗೆ ಬರಲಿ.

ಒಬ್ಬ ಆಶಾ ಸುಮಾರು 1,000 ಜನರನ್ನು ನೋಡುತ್ತಾಳೆ. ಅಷ್ಟು ಜನರಲ್ಲಿ ವರ್ಷಕ್ಕೆ ಹತ್ತು-ಹದಿನೈದು ಹೆರಿಗೆ ಎಂದಿಟ್ಟುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಪ್ರತಿ ಆಶಾಳ ಪುಸ್ತಕದಲ್ಲಿ ವರ್ಷಕ್ಕೆ ಒಬ್ಬ ತಾಯಿ ಸಿಕ್ಕಾಳು. ಒಬ್ಬಳೇ. ಇದು ಸರ್ಕಾರದ ಬೊಕ್ಕಸ ಮುಳುಗಿಸುವ ಖರ್ಚಲ್ಲ.

ಆಶಾ ಕಾರ್ಯಕರ್ತೆಯರಿಗೆ ಈಗಲೇ ಹೊರೆ ಹೆಚ್ಚು ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತದ್ದು ಗೌರವಧನಕ್ಕಾಗಿಯೇ. ಮಗುವಿನ ಆ ಭೇಟಿಯೊಂದಕ್ಕೆ ನಿಗದಿಯಾದದ್ದು 50 ರೂಪಾಯಿ. ತಾಯಿಯ ಪ್ರಶ್ನೆ ಸೇರಿಸುವುದಾದರೆ ಆ ಮೊತ್ತವನ್ನೂ ಏರಿಸಿ. ಪುಕ್ಕಟೆ ಕೆಲಸ ಯಾರಿಗೂ ಹೊರಿಸಬಾರದು.

ಪರೀಕ್ಷೆಗೆ ಹೋಗುವುದು ಅಷ್ಟು ಸುಲಭವಾ?

ಕೆಲವು ನೂರು ರೂಪಾಯಿಯ ಪರೀಕ್ಷೆ ಎಂದು ಪೇಟೆಯಲ್ಲಿ ಕೂತವರಿಗೆ ಸಲೀಸು. ನಮ್ಮಲ್ಲಿ ಗಂಡ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲಿನಲ್ಲಿರುತ್ತಾನೆ. ಮನೆಯಲ್ಲಿ ಅತ್ತೆ, ಮಾವ, ಕೈಮಗು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಮನೆಯ ಯಜಮಾನಿಯ ಖಾತೆಗೆ, ಹೆಚ್ಚಾಗಿ ಅದು ಅತ್ತೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎನ್ನುತ್ತಾರೆ, ನಮ್ಮ ಜಿಲ್ಲೆಯಲ್ಲಿ ಹೆಚ್ಚು ಓಡುವುದು ಖಾಸಗಿ ಬಸ್ಸು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಳೆಗಾಲದಲ್ಲಿ ಹೆದ್ದಾರಿ ಬದಿ ನಿಂತು ಕುಂದಾಪುರಕ್ಕೆ ಹೋಗಿ ರಕ್ತ ಕೊಟ್ಟು ಬರುವುದು ಅರ್ಧ ದಿನದ ಕೆಲಸ. ಫಲಿತಾಂಶಕ್ಕೆ ಮತ್ತೊಮ್ಮೆ. "ಸುಸ್ತಿಗೆಲ್ಲ ಆಸ್ಪತ್ರೆಯಾ?" ಎಂಬ ಮಾತು ಬೇರೆ ಕೇಳಬೇಕು.

ಅದಕ್ಕೇ ಈ ಬರಹವನ್ನು ಬರೀ ಬಾಣಂತಿಯರು ಓದಿದರೆ ಸಾಲದು, ಅತ್ತೆಯಂದಿರೂ ಗಂಡಂದಿರೂ ಓದಬೇಕು. ಅಣ್ಣಂದಿರೇ, ವಿಡಿಯೊ ಕಾಲ್‌ನಲ್ಲಿ ಮಗುವಿನ ಮುಖ ನೋಡಿ ಫೋನ್ ಇಡಬೇಡಿ. ಹೆಂಡತಿಯ ಮುಖವನ್ನೂ ನೋಡಿ. ಊದಿದೆಯಾ, ದನಿ ಒಡೆದಿದೆಯಾ, ಮೊದಲಿನ ಹಾಗೆ ನಗುತ್ತಾಳಾ ಎಂದು ನೋಡಿ.

ಮಾತ್ರೆ ಬರೆದುಕೊಟ್ಟರೆ

ಥೈರಾಕ್ಸಿನ್ ಮಾತ್ರೆ ದೇಹದಲ್ಲಿ ಇರಬೇಕಾದ ಹಾರ್ಮೋನನ್ನೇ ಹೊರಗಿನಿಂದ ತುಂಬಿಕೊಡುತ್ತದೆ. ಇದು ಹೊಸ ಪ್ರಯೋಗವಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರೆ ಕುರಿಯ ಥೈರಾಯ್ಡ್ ಸಾರವನ್ನು ಥೈರಾಯ್ಡ್ ಕೊರತೆಯಿದ್ದ ಹೆಂಗಸೊಬ್ಬಳಿಗೆ ಕೊಟ್ಟರು. ಆಕೆ ಇನ್ನೂ 28 ವರ್ಷ ಬದುಕಿದಳು. ಈಗ ಕುರಿ ಬೇಡ, ಶುದ್ಧ ಮಾತ್ರೆ ಇದೆ, ಜನೌಷಧಿ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಎದೆಹಾಲು ಕೊಡುವಾಗ ತೆಗೆದುಕೊಳ್ಳಬಹುದು, ಮಗುವಿಗೆ ತೊಂದರೆ ಇಲ್ಲ.

ತೆಗೆದುಕೊಳ್ಳುವ ಕ್ರಮದಲ್ಲಿ ಮಾತ್ರ ಎಡವಬಾರದು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಚಾ, ಕಾಫಿ, ಕಷಾಯ, ತಿಂಡಿ ಎಲ್ಲ ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ. ಇನ್ನೊಂದು ವಿಷಯ ಬಹಳ ಮುಖ್ಯ: ಹೆರಿಗೆಯ ನಂತರ ಆರು ತಿಂಗಳು ಸರ್ಕಾರವೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತದೆ. ಅವನ್ನೂ ಥೈರಾಯ್ಡ್ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದೇ ಇಲ್ಲ. ನಡುವೆ ನಾಲ್ಕು ಗಂಟೆ ಅಂತರ ಇರಲಿ. "ಮಾತ್ರೆ ತಿಂದರೂ ಕಡಿಮೆ ಆಗಲಿಲ್ಲ" ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಿ.

ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಸುಸ್ತು ಹೋಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಎಲ್ಲರಿಗೂ ಇದು ಜೀವನಪೂರ್ತಿ ಬೇಕಾಗುವುದಿಲ್ಲ, ಯಾವಾಗ ಕಡಿಮೆ ಮಾಡಬೇಕೆಂದು ವೈದ್ಯರು ಪರೀಕ್ಷೆ ನೋಡಿ ಹೇಳುತ್ತಾರೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ತಿಳಿಸಿ, ಬಸುರಾದ ಕೂಡಲೇ ಪ್ರಮಾಣ ಏರಿಸಬೇಕಾಗುತ್ತದೆ. ಸಪೂರ ಆಗಬೇಕೆಂದು ಪಕ್ಕದ ಮನೆಯವಳ ಮಾತ್ರೆ ತಿನ್ನುವುದು ಅಪಾಯ. ಥೈರಾಯ್ಡ್ ಸರಿ ಇದ್ದವರು ತಿಂದರೆ ಹೃದಯದ ಬಡಿತ ಕೆಡುತ್ತದೆ, ಮೂಳೆ ಸವೆಯುತ್ತದೆ.

ಇನ್ನೊಂದು, ಇದನ್ನು ಮುಚ್ಚಿಡಬೇಡಿ. "ನಮ್ಮ ಹುಡುಗಿಗೆ ಥೈರಾಯ್ಡ್ ಇದೆ ಎಂದು ಯಾರಿಗೂ ಹೇಳಬೇಡಿ, ತಂಗಿಗೆ ಸಂಬಂಧ ಬರುವುದಿಲ್ಲ" ಎನ್ನುವ ಮನೆಗಳಿವೆ. ಇದು ಅಂಟುರೋಗವಲ್ಲ, ಶಾಪವಲ್ಲ. ಕನ್ನಡಕ ಹಾಕಿದಷ್ಟೇ ಸಾಮಾನ್ಯ ವಿಷಯ. ಮುಚ್ಚಿಟ್ಟರೆ ಮಾತ್ರ ದೊಡ್ಡದಾಗುತ್ತದೆ.

ಮಗುವಿನ 9ನೇ ತಿಂಗಳ ದಡಾರದ ಚುಚ್ಚುಮದ್ದಿಗೆ ಹೇಗೂ ಆರೋಗ್ಯ ಕೇಂದ್ರಕ್ಕೆ ಹೋಗುತ್ತೀರಿ. ಅಷ್ಟರವರೆಗೂ ಸುಸ್ತು, ಮೈಭಾರ ಇಳಿಯದಿದ್ದರೆ ಅವತ್ತೇ ವೈದ್ಯರ ಹತ್ತಿರ ಟಿಎಸ್‌ಎಚ್ ಮಾತು ಎತ್ತಿ. ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ಹೆಂಗಸರು ನಾಲ್ಕು ಜನ ಎದ್ದು ನಿಂತು, ಮಗುವಿನ ಪುಸ್ತಕದಲ್ಲಿ ತಾಯಿಗೂ ನಾಲ್ಕು ಸಾಲು ಜಾಗ ಕೊಡಿ ಎಂದು ಕೇಳಿ. ನಿರ್ಣಯ ಬರೆಸಿ. ಬರೆಸಿದ ದಿನ ನನಗೊಂದು ಫೋನ್ ಮಾಡಿ, ಸುದ್ದಿ ಮಾಡುವ ಕೆಲಸ ನನ್ನದು.